ಖಾಯಂ ವಿಳಾಸ

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆ ಅವಧಿಯಲ್ಲಿ ಎಷ್ಟು ಪದ್ಯಗಳಿಗೆ ಅರ್ಥ ಹೇಳಿದೆನೋ ಲೆಕ್ಕವಿಟ್ಟಿಲ್ಲ. ಎಷ್ಟು ಪ್ರವೇಶದ ಅರ್ಜಿಗಳನ್ನು ತಿದ್ದಿದೆನೋ ಅದಕ್ಕೂ ಲೆಕ್ಕವಿಲ್ಲ. ಜೂನ್ ತಿಂಗಳು ಬಂತೆಂದರೆ ಕಾಲೇಜಿನ ಹಜಾರದಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತು, ತಂದೆಯ ಹೆಸರು ಬರೆದಿದೆಯೆ, ವಾರ್ಷಿಕ ವರಮಾನ ಬರೆದಿದೆಯೆ, ಪೋಷಕರ ಸಹಿ ಬಿದ್ದಿದೆಯೆ ಎಂದು ನೋಡಿ ಕೆಂಪು ಶಾಯಿಯ ಗೀಟು ಎಳೆಯುವುದು ನನ್ನ ಪಾಲಿಗೆ ಬರುತ್ತಿದ್ದ ಕೆಲಸ. ಅರ್ಜಿಯ ಅಂಕಣಗಳು ಒಬ್ಬ ಹುಡುಗನನ್ನು ಎಷ್ಟು ಆಳವಾಗಿ ಪ್ರಶ್ನಿಸುತ್ತವೆಂಬುದು ಬಹುಕಾಲ ನನ್ನ ಮನಸ್ಸಿಗೆ ಬಂದಿರಲಿಲ್ಲ.

೨೦೧೮ನೆಯ ಇಸವಿಯ ಜೂನ್ ತಿಂಗಳಲ್ಲಿ, ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಹುಡುಗನೊಬ್ಬ ಬಂದು ಅರ್ಜಿಯನ್ನು ಮೇಜಿನ ಮೇಲಿಟ್ಟ. ಅಕ್ಷರ ದುಂಡಗಿತ್ತು; ಅಂಕಗಳು ಚೆನ್ನಾಗಿದ್ದವು. ತಂದೆಯ ಹೆಸರಿನ ಮುಂದೆ ಒಂದು ಅಡ್ಡಗೆರೆ; ತಾಯಿಯ ಹೆಸರಿನ ಮುಂದೆಯೂ ಒಂದು ಅಡ್ಡಗೆರೆ. ‘ಖಾಯಂ ವಿಳಾಸ’ ಎಂದಿದ್ದಲ್ಲಿ ಊರಿನ ಬಾಲಮಂದಿರದ ವಿಳಾಸವನ್ನು ಬರೆದು, ಮತ್ತೆ ಅದನ್ನು ಹೊಡೆದುಹಾಕಿದ್ದ.

“ಇದನ್ನೇಕಪ್ಪ ಹೊಡೆದೆ?” ಎಂದೆ.

“ಹೋದ ವಾರ ಹದಿನೆಂಟು ತುಂಬಿತು, ಸಾರ್. ಇನ್ನು ಅಲ್ಲಿ ಇರೋ ಹಾಗಿಲ್ಲ.”

“ಹಾಗಾದರೆ ಈಗ ಎಲ್ಲಿದ್ದೀಯ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಸ್ನೇಹಿತರ ಜೊತೆ ಇದ್ದೀನಿ, ಸಾರ್,” ಎಂದ.

ಬಾಲಮಂದಿರದವರು ಕೊಟ್ಟಿದ್ದ ಪತ್ರದ ಆಧಾರದ ಮೇಲೆ ಕಾಲೇಜಿಗೆ ಪ್ರವೇಶವೇನೋ ಸಿಕ್ಕಿತು. ಆದರೆ ಹಾಸ್ಟೆಲಿನ ಅರ್ಜಿಗೆ ಸ್ಥಳೀಯ ಪೋಷಕರೊಬ್ಬರ ಸಹಿ ಬೇಕಾಗಿತ್ತು. ಎರಡು ದಿನ ಬಿಟ್ಟು ಅದನ್ನು ಹಿಡಿದುಕೊಂಡು ಅವನು ನನ್ನ ಬಳಿಗೇ ಬಂದ. “ತಾವು ಒಂದು ಸಹಿ ಹಾಕಿಕೊಟ್ಟರೆ...” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದ. “ನೋಡೋಣ, ಸೋಮವಾರ ಬಾ,” ಎಂದೆ.

ಆ ಸೋಮವಾರದ ವಿಷಯವನ್ನು ಆಮೇಲೆ ಹೇಳುತ್ತೇನೆ. ಅದನ್ನು ಹೇಳುವ ಮೊದಲು, ಆ ಹುಡುಗ ನನ್ನ ಮೇಜಿನವರೆಗೆ ಹೇಗೆ ಬಂದನೆಂಬುದನ್ನು ತಿಳಿಯಬೇಕು. ಅಂದು ನನಗೆ ಅದು ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯೂ ಇರಲಿಲ್ಲ.

*

ತಾಯಿತಂದೆಗಳಿಲ್ಲದ, ಅಥವಾ ಇದ್ದೂ ಸಾಕಲಾರದ ಮನೆಗಳ ಮಕ್ಕಳನ್ನು ನಮ್ಮಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಬಾಲಮಂದಿರಗಳಲ್ಲಿ ಇಡುತ್ತಾರೆ. ಕೆಲವು ಸರ್ಕಾರದವು, ಕೆಲವು ಸಂಘಸಂಸ್ಥೆಗಳು ನಡೆಸುವಂಥವು. ಅಲ್ಲಿ ಮಗುವಿಗೆ ಊಟವುಂಟು, ಬಟ್ಟೆಯುಂಟು, ಶಾಲೆಯುಂಟು. ಕಾನೂನಿನ ದೃಷ್ಟಿಯಲ್ಲಿ ಸರ್ಕಾರವೇ ಆ ಮಗುವಿಗೆ ತಾಯಿತಂದೆಯ ಸ್ಥಾನದಲ್ಲಿ ನಿಂತಿದೆ. ಆದರೆ ಕಾನೂನು ಹದಿನೆಂಟು ತುಂಬಿದವರನ್ನು ಮಗುವೆಂದು ಕರೆಯುವುದಿಲ್ಲ. ಹಿಂದಿನ ದಿನ ರಾತ್ರಿ ಮಗುವಾಗಿ ಮಲಗಿದವನು ಬೆಳಗಾಗುವಾಗ ಹೊರಡಬೇಕಾದವನಾಗಿರುತ್ತಾನೆ.

ಆ ಹುಟ್ಟಿದ ದಿನವಾದರೂ ಎಲ್ಲರಿಗೂ ನಿಜವಾದದ್ದಲ್ಲ. ಶಾಲೆಯ ದಾಖಲೆಯಿಲ್ಲದೆ, ಪುರಸಭೆಯ ಜನನ ಪತ್ರವಿಲ್ಲದೆ, ಬಸ್ ನಿಲ್ದಾಣದಲ್ಲೋ ರೈಲಿನಲ್ಲೋ ಸಿಕ್ಕಿದ ಮಗುವಿನ ವಯಸ್ಸನ್ನು ವೈದ್ಯರು ಎಲುಬಿನ ಬೆಳವಣಿಗೆಯನ್ನು ನೋಡಿ ಅಂದಾಜು ಮಾಡುತ್ತಾರೆ. ಹತ್ತು ವರ್ಷಗಳ ಹಿಂದೆ ಯಾರೋ ಒಬ್ಬರು ಮಾಡಿದ ಅಂದಾಜು, ಹತ್ತು ವರ್ಷಗಳ ಅನಂತರ ಒಬ್ಬ ಹುಡುಗ ಯಾವ ದಿನ ಮನೆ ಬಿಡಬೇಕೆಂಬುದನ್ನು ಗೊತ್ತುಮಾಡುತ್ತದೆ.

ನಮ್ಮ ನಮ್ಮ ಮನೆಗಳ ಕಡೆ ಒಮ್ಮೆ ನೋಡೋಣ. ಹದಿನೆಂಟು ತುಂಬಿದ ಮಗನನ್ನು ಕರೆದು, “ನಾಳೆಯಿಂದ ನಿನ್ನ ದಾರಿ ನೀನು ನೋಡಿಕೊ,” ಎಂದು ಹೇಳುವ ತಂದೆ ನಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರು? ಇಪ್ಪತ್ತೈದು ದಾಟಿದ ಮಗನಿಗೆ ಕೂಡ ತಾಯಿ ಬುತ್ತಿ ಕಟ್ಟಿಕೊಡುತ್ತಾಳೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟವನಿಗೆ ಸೋದರಮಾವನ ಮನೆಯೋ ದೊಡ್ಡಮ್ಮನ ಮನೆಯೋ ಒಂದು ಇದ್ದೇ ಇರುತ್ತದೆ. ಕೆಲಸ ಸಿಕ್ಕದಿದ್ದರೆ ಹಿಂದಿರುಗಲು ಊರಿನ ಬಸ್ಸಿದೆ. ಹಬ್ಬ ಬಂದರೆ “ಯಾವಾಗ ಬರ್ತೀಯಾ?” ಎಂಬ ಫೋನು ಬರುತ್ತದೆ. ಇವಾವುವೂ ಇಲ್ಲದ ಹುಡುಗನನ್ನೇ ನಾವು ಎಲ್ಲರಿಗಿಂತ ಮೊದಲು ದೊಡ್ಡವನೆಂದು ತೀರ್ಮಾನಿಸುತ್ತೇವೆ.

ಹೊರಗೆ ಬಂದವನಿಗೆ ಎದುರಾಗುವುದು ಕೇವಲ ಹಸಿವೆಯಲ್ಲ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು ಅವನು. ಸಂತೆಗೆ ಹೋಗಿ ಅರ್ಧ ಕಿಲೋ ಬದನೆಕಾಯಿ ಕೊಂಡು ಬಂದವನಲ್ಲ. ತಿಂಗಳ ಹಣವನ್ನು ತಿಂಗಳ ಕೊನೆಯವರೆಗೆ ಎಳೆಯುವುದನ್ನು ಯಾರ ಮನೆಯಲ್ಲಿಯೂ ಕಂಡವನಲ್ಲ. ಬಾಡಿಗೆಗೆ ಕೋಣೆ ಕೇಳಲು ಹೋದರೆ ಮನೆಯ ಯಜಮಾನರು ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂದು ವಿಚಾರಿಸುತ್ತಾರೆ; ಆಮೇಲೆ ಮುಂಗಡ ಕೇಳುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಬಂದದ್ದು. ಜಾತಿಯ ಪ್ರಮಾಣಪತ್ರ ಕೇಳಿದರೆ ತಂದೆಯ ದಾಖಲೆ ತರಬೇಕು. ತಂದೆ ಯಾರೆಂದು ತಿಳಿಯದವನಿಗೆ ಮೀಸಲಾತಿಯ ಬಾಗಿಲೂ ತೆರೆಯುವುದು ಕಷ್ಟ. ಮಹಾರಾಷ್ಟ್ರ ಸರ್ಕಾರ ಈ ತೊಡಕನ್ನು ಮನಗಂಡು, ೨೦೧೮ರಲ್ಲಿ ಅನಾಥರಿಗೆಂದೇ ಸರ್ಕಾರಿ ನೌಕರಿಗಳಲ್ಲಿ ಶೇಕಡ ೧ರಷ್ಟು ಮೀಸಲಾತಿಯನ್ನು ಇರಿಸಿತು.

ಇಂಥ ಹುಡುಗರಿಗೆ ಹೋಟೆಲಿನ ಕೆಲಸ ಏಕೆ ಅಷ್ಟು ಬೇಗ ರುಚಿಸುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಸಂಬಳಕ್ಕಿಂತ ಮುಖ್ಯವಾದ ಎರಡು ವಸ್ತುಗಳು ಸಿಗುತ್ತವೆ: ರಾತ್ರಿಯ ಊಟ, ಮತ್ತು ಮೇಜುಗಳನ್ನು ಒರಸಿದ ಮೇಲೆ ಮಲಗುವುದಕ್ಕೆ ಅಷ್ಟು ನೆಲ.

*

ಕಾನೂನು ಈ ಮಕ್ಕಳನ್ನು ಪೂರ್ತಿಯಾಗಿ ಮರೆತಿದೆಯೆಂದು ಹೇಳಿದರೆ ಅನ್ಯಾಯವಾದೀತು. ೨೦೧೫ರ ಬಾಲನ್ಯಾಯ ಕಾಯ್ದೆಯಲ್ಲಿ ‘ಅನುಪಾಲನೆ’ ಎಂಬ ಮಾತಿಗೆ ಒಂದು ಸ್ಥಾನವುಂಟು. ಹದಿನೆಂಟು ತುಂಬಿ ಸಂಸ್ಥೆಯನ್ನು ಬಿಟ್ಟವರಿಗೆ ಇಪ್ಪತ್ತೊಂದರವರೆಗೆ ಹಣದಿಂದಲೂ ಬೇರೆ ರೀತಿಯಿಂದಲೂ ಆಸರೆ ನೀಡುವುದೇ ಅನುಪಾಲನೆ. ೨೦೧೬ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳನ್ನು ಓದಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಆರರಿಂದ ಎಂಟು ಮಂದಿ ಒಟ್ಟಿಗೆ ಇರುವಂಥ ಪುಟ್ಟ ಮನೆಗಳು. ಕಸುಬು ಕಲಿಯುವಾಗ ವೇತನ, ಮುಂದೆ ಓದುವುದಾದರೆ ವಿದ್ಯಾರ್ಥಿವೇತನ. ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು. ಕಷ್ಟಸುಖ ಕೇಳಲು ಒಬ್ಬ ಆಪ್ತಸಲಹೆಗಾರ. ವಿಶೇಷ ಸಂದರ್ಭಗಳಲ್ಲಿ ಈ ಆಸರೆ ಇನ್ನೆರಡು ವರ್ಷ ಮುಂದುವರಿಯಬಹುದು. ಹುಡುಗ ಹೊರಡುವುದಕ್ಕೆ ಎರಡು ತಿಂಗಳು ಮುಂಚೆಯೇ ಅವನು ಎಲ್ಲಿಗೆ ಹೋಗುತ್ತಾನೆ, ಏನು ಮಾಡುತ್ತಾನೆಂಬ ಯೋಜನೆಯೊಂದು ಸಿದ್ಧವಾಗಿರಬೇಕೆಂದೂ ಅಲ್ಲಿ ಹೇಳಿದೆ. ಮಿಷನ್ ವಾತ್ಸಲ್ಯದ ೨೦೨೨ರ ಮಾರ್ಗಸೂಚಿ ಅನುಪಾಲನೆಗೆಂದು ತಿಂಗಳಿಗೆ ೪,೦೦೦ ರೂಪಾಯಿಗಳನ್ನು ನಿಗದಿ ಮಾಡಿತು; ಅದಕ್ಕೆ ಹಿಂದೆ ಇದ್ದದ್ದು ೨,೦೦೦.

ಇಷ್ಟೆಲ್ಲ ಇದ್ದ ಮೇಲೆ ಆ ಹುಡುಗ ಅಡ್ಡಗೆರೆಗಳ ಅರ್ಜಿಯನ್ನು ಹಿಡಿದು ನನ್ನ ಮುಂದೆ ಏಕೆ ನಿಂತಿದ್ದ?

ಭಾಷೆಯ ಮೇಷ್ಟರಾದವರಿಗೆ ಕ್ರಿಯಾಪದದ ಮೇಲೆ ಕಣ್ಣು ಹೆಚ್ಚು. ನಮ್ಮ ಕಾನೂನಿನ ಕನ್ನಡದಲ್ಲಿ ಎರಡು ಪ್ರತ್ಯಯಗಳಿಗೆ ಬಹಳ ಬೆಲೆ. ‘ಕೊಡತಕ್ಕದ್ದು’ ಎಂದರೆ ಕೊಡಲೇಬೇಕು. ಕೊಡದಿದ್ದರೆ ಕೇಳುವ ಹಕ್ಕುಂಟು. ‘ಕೊಡಬಹುದು’ ಎಂದರೆ ಮನಸ್ಸಾದರೆ, ಹಣವಿದ್ದರೆ, ನೆನಪಾದರೆ ಕೊಟ್ಟಾರು. ಬಾಲನ್ಯಾಯ ಕಾಯ್ದೆಯ ೪೬ನೆಯ ಪ್ರಕರಣ, ಹದಿನೆಂಟು ತುಂಬಿ ಹೊರಡುವ ಮಗುವಿಗೆ ಹಣದ ನೆರವನ್ನು ಕೊಡಬಹುದು ಎಂದಷ್ಟೇ ಹೇಳುತ್ತದೆ. ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ಸಿದ್ಧಪಡಿಸತಕ್ಕದ್ದೆಂದು ನಿಯಮ ಹೇಳಿದರೂ, ಇಂಥ ಒಬ್ಬ ಹುಡುಗನಿಗೆ ಅದು ದೊರೆಯಬೇಕೆಂಬಲ್ಲಿ ಮತ್ತೆ ‘ಬಹುದು’ ಬಂದು ಕೂರುತ್ತದೆ. ಹದಿನೆಂಟು ತುಂಬಿದ ಹುಡುಗರು ಈ ‘ಬಹುದು’ವಿನ ಸಂದಿನಿಂದ ಬಿದ್ದು ಹೋಗುತ್ತಿದ್ದಾರೆ.

ಬೇರೆ ದಾರಿ ಇಲ್ಲವೆಂದಲ್ಲ. ಹಿಮಾಚಲ ಪ್ರದೇಶ ೨೦೨೩ರಲ್ಲಿ ಸುಖ-ಆಶ್ರಯ ಎಂಬ ಕಾನೂನನ್ನೇ ಮಾಡಿ, ಇಂಥವರನ್ನು ‘ರಾಜ್ಯದ ಮಕ್ಕಳು’ ಎಂದು ಕರೆಯಿತು. ಇಪ್ಪತ್ತೇಳು ವರ್ಷದವರೆಗೆ ಅವರ ಹೊಣೆಯನ್ನು ಹೊತ್ತಿತು. ಇಪ್ಪತ್ತೇಳೆಂದರೆ ಸಾಮಾನ್ಯ ಮನೆಯೊಂದರ ಮಗ ಕೆಲಸಕ್ಕೆ ಸೇರಿ ಒಂದಿಷ್ಟು ತಳವೂರುವ ವಯಸ್ಸು. ಆ ಕಾನೂನು ಬರೆದವರು ತಮ್ಮ ಮನೆಯ ಮಕ್ಕಳನ್ನು ನೆನೆದು ಬರೆದಿರಬೇಕು.

*

ನನ್ನ ತಂದೆಯವರು ಹುಟ್ಟಿದ್ದು ೧೯೨೮ರಲ್ಲಿ. ಹತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಹದಿನೈದನೆಯ ವಯಸ್ಸಿಗೆ ಒಂದು ತಗಡಿನ ಪೆಟ್ಟಿಗೆಯನ್ನು ಹೊತ್ತು ಮೈಸೂರಿಗೆ ಓದಲು ಹೋದರು. ಅಲ್ಲಿ ಅವರು ಉಂಡದ್ದು ವಾರಾನ್ನ. ಸೋಮವಾರ ಅಗ್ರಹಾರದ ವಕೀಲರೊಬ್ಬರ ಮನೆ. ಮಂಗಳವಾರ ಮಕ್ಕಳಿಲ್ಲದ ಒಬ್ಬ ಅಜ್ಜಿಯ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ. ವಾರಾನ್ನದ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಆ ಅಜ್ಜಿಯನ್ನೂ ಮರೆಯಲಿಲ್ಲ. ಒಮ್ಮೆ ಜ್ವರ ಬಂದು ಮಂಗಳವಾರದ ಊಟಕ್ಕೆ ಹೋಗಲಾಗಲಿಲ್ಲವಂತೆ. ಸಂಜೆಯ ಹೊತ್ತಿಗೆ ಆ ಅಜ್ಜಿ ಕೋಲೂರಿಕೊಂಡು ಬೀದಿ ಬೀದಿ ಕೇಳುತ್ತಾ, ಇವರು ಮಲಗಿದ್ದ ಜಗಲಿಯನ್ನು ಹುಡುಕಿಕೊಂಡು ಬಂದು, “ಮಂಗಳವಾರದ ಹುಡುಗ ಯಾಕೆ ಬರಲಿಲ್ಲ?” ಎಂದು ಕೇಳಿದರಂತೆ. ಕೈಯಲ್ಲಿ ಸಾರನ್ನದ ಪಾತ್ರೆ ಇತ್ತಂತೆ.

ಹಿಂದಿನದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ವಾರಾನ್ನದ ಬಾಗಿಲು ಬಹುಮಟ್ಟಿಗೆ ಜಾತಿ ಕೇಳಿ ತೆರೆಯುತ್ತಿದ್ದ ಬಾಗಿಲು. ನನ್ನ ತಂದೆಗೆ ತೆರೆದದ್ದು ಅದೇ ಬೀದಿಯಲ್ಲಿ ಹಸಿದು ಹೋಗುತ್ತಿದ್ದ ಇನ್ನೊಬ್ಬ ಹುಡುಗನಿಗೆ ತೆರೆಯುತ್ತಿರಲಿಲ್ಲ. ಆ ಬಾಗಿಲನ್ನು ಅಗಲ ಮಾಡಿದವರು ಬೇರೆಯವರು. ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಯ ಮಾತಿಲ್ಲದೆ ಉಂಡು ಓದಿದರು. ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಅನಾಥ ಸೇವಾಶ್ರಮವನ್ನು ಕಟ್ಟಿ, ತಮ್ಮನ್ನು ‘ತಿರುಕ’ನೆಂದು ಕರೆದುಕೊಂಡರು. ಸರ್ಕಾರದ ಹಾಸ್ಟೆಲುಗಳೂ ಆಮೇಲೆ ಬಂದವು. ಅನ್ನದ ಮಟ್ಟಿಗೆ ನಾಡು ಮುಂದೆ ಬಂದಿದೆ. ಅದು ಸಣ್ಣ ಮಾತಲ್ಲ.

ಆದರೂ ಆ ಅಜ್ಜಿಯ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಬಾಲಮಂದಿರ ಬಿಟ್ಟ ಹುಡುಗನಿಗೆ ತಿಂಗಳಿಗೆ ೪,೦೦೦ ರೂಪಾಯಿ ನೇರವಾಗಿ ಬ್ಯಾಂಕಿಗೆ ಹೋಗುವುದೇ ಆದರೂ, ಅವನು ಮಂಗಳವಾರ ಬರಲಿಲ್ಲವೆಂಬುದು ಬ್ಯಾಂಕಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಚಾರವೂ ಇದೆ. ವ್ಯಾಸಭಾರತದ ರಂಗಪರೀಕ್ಷೆಯ ಪ್ರಸಂಗವನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಬಿಲ್ಲು ಹಿಡಿದು ಬಂದ ಕರ್ಣನನ್ನು ಕೃಪಾಚಾರ್ಯರು ತಾಯಿ ಯಾರು, ತಂದೆ ಯಾರು, ವಂಶ ಯಾವುದೆಂದು ಕೇಳುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ಆಗ ಎದ್ದು ನಿಂತು ಅಂಗರಾಜ್ಯವನ್ನು ಕೊಟ್ಟವನು ದುರ್ಯೋಧನ. ಉಳಿದವರು ಪ್ರಶ್ನೆ ಕೇಳಿದರು. ಅವನೊಬ್ಬ ವಿಳಾಸ ಕೊಟ್ಟ. ಅಲ್ಲಿಂದ ಮುಂದೆ ಕರ್ಣ ಆ ಋಣವನ್ನು ಪ್ರಾಣ ಕೊಟ್ಟು ತೀರಿಸಿದ. ಬಸ್ ನಿಲ್ದಾಣದಲ್ಲಿ ಮಲಗಿದ ಹುಡುಗನ ಬಳಿಗೆ ಮೊದಲು ಬಂದು “ಊಟ ಆಯ್ತೇನೋ?” ಎಂದು ಕೇಳುವವನು ಯಾರು ಬೇಕಾದರೂ ಆಗಿರಬಹುದು. ಅವನು ಒಳ್ಳೆಯವನೇ ಆಗಿರಲಿ ಎಂದು ನಾವು ಹಾರೈಸುತ್ತ ಕುಳಿತಿದ್ದೇವೆ.

*

ಆ ಸೋಮವಾರ ಹುಡುಗ ಬಂದ. ನಾನು ಮತ್ತೆ “ಗುರುವಾರ ನೋಡೋಣ” ಎಂದೆ. ಕಾರಣವನ್ನು ಮುಚ್ಚಿಡುವುದಿಲ್ಲ: ನನಗೆ ಭಯವಾಗಿತ್ತು. ಹುಡುಗ ಏನಾದರೂ ಕದ್ದರೆ? ಯಾರೊಡನೆಯಾದರೂ ಜಗಳಾಡಿದರೆ? ಪೊಲೀಸಿನವರು ನನ್ನ ಮನೆಯ ಬಾಗಿಲಿಗೆ ಬಂದರೆ? ಹಿಂದಿನ ವಾರವಷ್ಟೇ ನನ್ನ ಸ್ನೇಹಿತರ ಮಗನ ಅರ್ಜಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ. ಅವನ ನಡತೆಯನ್ನು ನಾನು ವಿಚಾರಿಸಿರಲಿಲ್ಲ. ಗುರುವಾರ ಬಂದಾಗ ಹಾಸ್ಟೆಲಿನ ಅರ್ಜಿಯ ಗಡುವು ಮುಗಿದಿತ್ತು. “ಪರವಾಗಿಲ್ಲ, ಸಾರ್,” ಎಂದು ಅವನೇ ನನಗೆ ಸಮಾಧಾನ ಹೇಳಿ ಹೋದ.

ಎರಡು ತಿಂಗಳು ತರಗತಿಗೆ ಬಂದ. ಕಡೆಯ ಬೆಂಚಿನಲ್ಲಿ ಕುಳಿತು, ಮಧ್ಯಾಹ್ನದ ವೇಳೆಗೆ ತೂಗಡಿಸುತ್ತಿದ್ದ. ಒಂದೆರಡು ಸಲ ಗದರಿಸಿದ್ದೂ ಉಂಟು. ಆಮೇಲೆ ಬರುವುದು ನಿಂತಿತು. ಹಾಜರಿ ಪುಸ್ತಕದಲ್ಲಿ ದಿನವೂ ಅವನ ಹೆಸರನ್ನು ಕೂಗಿದೆ. ಹತ್ತು ದಿನ ಉತ್ತರ ಬರಲಿಲ್ಲ. ನಿಯಮದ ಪ್ರಕಾರ ಕಾಲ ಕಳೆದ ಮೇಲೆ ಕೆಂಪು ಗೀಟು ಎಳೆದೆ. ಅವನು ಬರಲಿಲ್ಲವೆಂಬುದನ್ನು ಪ್ರತಿದಿನ ಬರೆದಿಟ್ಟವನು ನಾನು. ಏಕೆ ಬರಲಿಲ್ಲವೆಂದು ಒಮ್ಮೆಯೂ ಹುಡುಕಿಕೊಂಡು ಹೋಗಲಿಲ್ಲ.

ದಸರಾ ರಜೆ ಕಳೆದ ಮೇಲೆ ಅವನ ಸಹಪಾಠಿಯೊಬ್ಬ ಹೇಳಿದ: ‘ಸ್ನೇಹಿತರ ಜೊತೆ’ ಎಂದಿದ್ದು ಸುಳ್ಳು. ಮೊದಲು ಬಸ್ ನಿಲ್ದಾಣ, ಆಮೇಲೆ ರಾತ್ರಿ ಪಾಳಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೋಟೆಲು. ಕೊನೆಗೆ ಅಡುಗೆಯ ಕಂಟ್ರಾಕ್ಟರೊಬ್ಬರ ಜೊತೆ ಬೇರೆ ಊರಿಗೆ ಹೋದನಂತೆ. ಯಾವ ಊರೆಂದು ಅವನಿಗೂ ತಿಳಿಯದು.

ಆಗ ಬಾಲಮಂದಿರಕ್ಕೆ ಹೋದೆ. ಅಲ್ಲಿನ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಹುಡುಗನ ಹೆಸರು ಹೇಳುತ್ತಲೇ ಅವರ ಕಣ್ಣು ತುಂಬಿತು. “ಇರಿಸಿಕೊಳ್ಳೋ ಅಧಿಕಾರ ನನಗಿಲ್ಲ, ಸಾರ್. ಹೊಸ ಮಗು ಬಂದರೆ ಮಂಚ ಬೇಕಲ್ಲ,” ಎಂದರು. ಎರಡು ತಿಂಗಳು ಮುಂಚೆ ಸಿದ್ಧವಾಗಬೇಕಾಗಿದ್ದ ಯೋಜನೆಯ ಬಗ್ಗೆ ಆಗ ನನಗೂ ತಿಳಿದಿರಲಿಲ್ಲ, ಕೇಳಲಿಲ್ಲ. ಕಾನೂನಿನ ಪುಸ್ತಕವನ್ನು ತರಿಸಿ ಓದಿದ್ದು ಅಂದಿನ ಮೇಲೆ.

*

೨೦೨೨ರಲ್ಲಿ ಒಬ್ಬ ಹುಡುಗಿ ಬಂದಳು. ಅವಳ ಅರ್ಜಿಯಲ್ಲಿಯೂ ಅವೇ ಅಡ್ಡಗೆರೆಗಳು. ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ರಾಜ್ಯ ಮಹಿಳಾ ನಿಲಯಗಳ ಆಸರೆಯುಂಟು. ಅಂಥ ನಿಲಯಗಳಲ್ಲಿ ಅಧಿಕಾರಿಗಳೇ ತಾಯಿತಂದೆಯರ ಸ್ಥಾನದಲ್ಲಿ ನಿಂತು ಕನ್ಯಾದಾನ ಮಾಡಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನಾವು ನೋಡುತ್ತೇವೆ, ನೋಡಿ ಮೆಚ್ಚುತ್ತೇವೆ. ಮದುವೆ ಮಂಗಳಕಾರ್ಯವೇ ಸರಿ. ಆದರೆ ಈ ಹುಡುಗಿಗೆ ಮದುವೆ ಬೇಕಾಗಿರಲಿಲ್ಲ, ಬಿ.ಎ. ಮುಗಿಸಿ ಬಿ.ಎಡ್. ಓದಬೇಕೆಂದಿತ್ತು.

ಈ ಸಲ ಸೋಮವಾರವೆನ್ನಲಿಲ್ಲ. ಅಲ್ಲಿಯೇ ಸಹಿ ಹಾಕಿ, ಖಾಯಂ ವಿಳಾಸವೆಂಬಲ್ಲಿ ನನ್ನ ಮನೆಯ ಸಂಖ್ಯೆಯನ್ನು ಬರೆಯಲು ಹೇಳಿದೆ. ಮನೆಗೆ ಬಂದು ಹೆಂಡತಿಗೆ ತಿಳಿಸಿದಾಗ ಅವಳು, “ವಿಳಾಸ ಕೊಟ್ಟ ಮೇಲೆ ಒಂದು ದಿನ ಊಟಕ್ಕಾದರೂ ಕರೀಬೇಡವೇ?” ಎಂದಳು. ಹೀಗೆ ಭಾನುವಾರದ ಹುಡುಗಿಯೊಬ್ಬಳು ನಮಗೆ ಸಿಕ್ಕಿದಳು.

ದೊಡ್ಡ ಉಪಕಾರವನ್ನೇನೂ ನಾವು ಮಾಡಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವಳ ಜೊತೆ ನಾಲ್ಕು ಸಲ ಹೋಗಿ ಅನುಪಾಲನೆಯ ಅರ್ಜಿಯನ್ನು ಕೊಟ್ಟೆವು. ತಡವಾಗಿಯಾದರೂ ಹಣ ಬಂದಿತು. ಒಂಟಿಯಾಗಿ ಹೋಗಿದ್ದರೆ ಎರಡನೆಯ ಸಲಕ್ಕೇ ಕೈಬಿಡುತ್ತಿದ್ದಳೆಂದು ಅವಳೇ ಹೇಳಿದಳು. ಮುಂದೆ ಗೆಳತಿಯರಿಬ್ಬರೊಡನೆ ಒಂದು ಕೋಣೆ ಹಿಡಿದಾಗ ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, “ಅಮ್ಮಾ, ತೊಗರಿಬೇಳೆಗೆ ಎಷ್ಟು ಕೂಗು ಹಾಕಿಸಬೇಕು?” ಎಂದು ಕೇಳಿದಳು. ಇಪ್ಪತ್ತು ವರ್ಷ ಸರ್ಕಾರದ ಅನ್ನ ಉಂಡು ಬೆಳೆದ ಹುಡುಗಿಗೆ ಕುಕ್ಕರಿನ ಲೆಕ್ಕವನ್ನು ಕೇಳಲು ಒಂದು ನಂಬರು ಬೇಕಾಗಿತ್ತು.

ಈ ಮಾತನ್ನು ಹೇಳಿದ್ದು, ಸರ್ಕಾರದ ಹೊಣೆಯನ್ನು ಸಜ್ಜನರ ಮನೆಗಳ ಮೇಲೆ ಹೊರಿಸುವುದಕ್ಕಲ್ಲ. ಮನೆಯವರ ಮನಸ್ಸು ಎಂದಿಗೂ ‘ಬಹುದು’ವೇ, ನಾನೇ ಅದಕ್ಕೆ ಸಾಕ್ಷಿ. ಆದ್ದರಿಂದಲೇ ಕಾನೂನು ‘ತಕ್ಕದ್ದು’ ಎನ್ನಬೇಕು. ಹುಡುಗನಿಗೆ ಯಾವ ದಿನ ಹದಿನೆಂಟು ತುಂಬುತ್ತದೆಂಬುದು ದಾಖಲೆಯಲ್ಲಿ ವರ್ಷಗಳ ಮೊದಲೇ ಬರೆದಿರುತ್ತದೆ; ಆ ದಿನ ಆಕಸ್ಮಿಕವಾಗಿ ಬರುವುದಲ್ಲ. ಅವನು ಮಂಚ ಬಿಡುವ ಮೊದಲು ಇನ್ನೊಂದು ಮಂಚ ಸಿದ್ಧವಾಗಿರತಕ್ಕದ್ದು. ಓದು ಮುಗಿಯುವವರೆಗೆ ಹಣ ಸಲ್ಲತಕ್ಕದ್ದು. ಅವನು ಯಾರೆಂದು ಬಲ್ಲ, ಅವನು ಬರದಿದ್ದರೆ ಹುಡುಕಿಕೊಂಡು ಹೋಗಲು ಬಾಧ್ಯನಾದ ಒಬ್ಬ ಮನುಷ್ಯ ಇರತಕ್ಕದ್ದು. ಅದಾಗುವವರೆಗೆ, ಅಧ್ಯಾಪಕರಾದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಅಡ್ಡಗೆರೆಗಳಿರುವ ಅರ್ಜಿ ಬಂದಾಗ ಸೋಮವಾರ ಬಾ ಎನ್ನಬೇಡಿ, ಹಾಜರಿ ಕೂಗಿ ಉತ್ತರ ಬರದಿದ್ದಾಗ, ಗೀಟು ಎಳೆಯುವ ಮುಂಚೆ ಒಮ್ಮೆ ವಿಚಾರಿಸಿ.

ಆ ಹುಡುಗಿ ಬಿ.ಎಡ್. ಸೇರಿ ಬೇರೆ ಊರಿಗೆ ಹೋಗಿದ್ದಾಳೆ. ಅವಳ ಹೆಸರಿನ ಬ್ಯಾಂಕಿನ ಕಾಗದಗಳು ಈಗಲೂ ನಮ್ಮ ಮನೆಗೇ ಬರುತ್ತವೆ. ಹಬ್ಬಕ್ಕೆ ಬಂದಾಗ ತೆಗೆದುಕೊಂಡು ಹೋಗುತ್ತಾಳೆ. ಆ ಹುಡುಗನಿಗೆ ಈಗ ಇಪ್ಪತ್ತೈದು ದಾಟಿರಬೇಕು. ಹಿಮಾಚಲದಲ್ಲಿ ಹುಟ್ಟಿದ್ದರೆ, ಅವನಿನ್ನೂ ರಾಜ್ಯದ ಮಗನಾಗಿರಬಹುದಾಗಿದ್ದ ವಯಸ್ಸು. ಯಾವ ಊರಿನ ಯಾವ ಅಡುಗೆಮನೆಯಲ್ಲಿ ಎಷ್ಟು ಜನಕ್ಕೆ ಅನ್ನ ಬೇಯಿಸುತ್ತಿದ್ದಾನೋ ತಿಳಿಯದು. ಮದುವೆಯ ಮನೆಗಳಲ್ಲಿ ಊಟಕ್ಕೆ ಕುಳಿತಾಗ, ಬಡಿಸುವವರ ಮುಖವನ್ನು ಒಬ್ಬೊಬ್ಬರನ್ನಾಗಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.